ಕೆಳಗಿನ ಮನೆಯ ಅಂಕಲ್ ಮತ್ತು ಇಪ್ಪತ್ತು ಬೋರಿನ ಕೋವಿ

ಕೆಳಗಿನ ಮನೆಯ ಅಂಕಲ್ ಅವರ ಬಲ ಭುಜದ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆಯೊಂದು ಬನಿಯನ್ನಿನ ಅಂಚಿನಿಂದ ಇಣುಕುತ್ತಿತ್ತು. ಹನ್ನೆರಡು ಬೋರಿನ ಕೋವಿ ಸಿಡಿದಾಗ ಹಿಂದಕ್ಕೆ ಒದ್ದ ಗುರುತು ಅದು. ಅವರು ಮಡಿಕೇರಿ ಕಡೆಯವರು. ಎಪ್ಪತ್ತರ ದಶಕದ ಆರಂಭ. ಅಮೆರಿಕದ ಎಡಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬಲ್ಲವರೆಂದರೆ ಅವರು, ನಾವು. ನಮ್ಮ ಯಜಮಾನರು ಶನಿವಾರವೂ ಕೆಲಸಕ್ಕೆಂದು ನ್ಯೂಯಾರ್ಕಿನ ರೈಲು ಹಿಡಿಯುತ್ತಿದ್ದರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ಅಂಕಲ್‌ಗೆ ಉಳಿದಿದ್ದ ಸಂಗವೆಂದರೆ ಶನಿವಾರದ ಗನ್ ಕ್ಲಬ್ಬು. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ನಾಲ್ಕೈದು ಅಮೆರಿಕನ್ ಮುದುಕರು. ಆ ವರ್ಷ ಡಾಕ್ಟರು, ಈ ಭುಜ ಇನ್ನು ಅಂಥ ಏಟು ತಡೆಯದು ಎಂದುಬಿಟ್ಟರು. ಅಂಕಲ್ ಒದೆತ ಕಡಿಮೆಯಿರುವ ಇಪ್ಪತ್ತು ಬೋರಿನ ಕೋವಿಯೊಂದನ್ನು ತಂದರು. ಬಿಲ್ಲೆ ಒಡೆಯಲು ಅದು ಸಾಲದಿದ್ದರೆ ಶನಿವಾರದ ಕ್ಲಬ್ಬೂ ಇಲ್ಲ.

"ನಂಬರ್ ದೊಡ್ಡದಾದ್ರೆ ಕೋವಿನೂ ದೊಡ್ಡದಲ್ವಾ ಅಂಕಲ್?"

"ಉಲ್ಟಾ ಮಾರಾಯ್ತಿ! ನಂಬರ್ ಏರಿದಷ್ಟೂ ನಳಿಗೆ ಸಣ್ಣ. ಬಾ, ನೀನೇ ನೋಡು."

ದಿನಸಿ ಅಂಗಡಿಯ ಕಂದು ಚೀಲಗಳನ್ನು ಬಿಡಿಸಿ ಅಂಟಿಸಿ ಎರಡು ದೊಡ್ಡ ಹಾಳೆ ಮಾಡಿದೆ. ಕ್ಲಬ್ಬಿನಲ್ಲಿ ಅವರು ಒಂದೇ ದೂರದಿಂದ, ಹಾಳೆಗೊಂದು ಕೋವಿಯಂತೆ ಒಂದೊಂದೇ ಏಟು ಹೊಡೆದರು; ಹನ್ನೆರಡರದ್ದು ಅದೇ ಕೊನೆ. ದಾರಕ್ಕೆ ಪೆನ್ಸಿಲ್ ಕಟ್ಟಿ ನಾನು ತೂತುಗಳ ಸುತ್ತ ವೃತ್ತ ಎಳೆದೆ. ತೋಟಾದಿಂದ ಚಿಮ್ಮಿದ ಸಣ್ಣ ಸೀಸದ ಚರೆಗಳು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೆ ಹರಡಿದ್ದವು. ಹನ್ನೆರಡರ ಹಾಳೆ ಜರಡಿಯಾಗಿತ್ತು. ಚರೆ ಕಡಿಮೆ ಬಿದ್ದಿದ್ದ ಇಪ್ಪತ್ತರ ಹಾಳೆಯ ಅಂಚಿನಲ್ಲಿ ಬಿಲ್ಲೆಯೊಂದು ನುಸುಳಿಹೋಗುವಷ್ಟು ಖಾಲಿ ಜಾಗ.

"ಬಿಲ್ಲೆನ ನಡುವಿಗೆ ಹಿಡಿದ್ರೆ ಇದೂ ಸಾಕು," ಎಂದರು. "ಅಂದಾಜಿಗೆ ಹೊಡೆದ್ರೆ ಕೈಕೊಡುತ್ತೆ."

ಮುಂದಿನ ವಾರ ಮೊದಲ ಬಿಲ್ಲೆಗಳು ಇಡಿಯಾಗಿಯೇ ನೆಲಕ್ಕೆ ಬಿದ್ದವು. "ಏನಯ್ಯಾ, ಮೊಮ್ಮಗಳ ಕೋವಿ ಎತ್ಕೊಂಡು ಬಂದ್ಯಾ?" ಎಂದು ಮುದುಕನೊಬ್ಬ ಇಂಗ್ಲಿಷಿನಲ್ಲಿ ಕೂಗಿದ. ಎಲ್ಲರೂ ನಕ್ಕರು.

"ಹೌದು. ಅವಳು ನಿನಗಿಂತ ಚೆನ್ನಾಗಿ ಹೊಡೀತಾಳೆ," ಎಂದರು ಅಂಕಲ್. ಮುಂದಿನ ಬಿಲ್ಲೆ ಪುಡಿಪುಡಿಯಾಯಿತು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ: "ಬೇಜಾರಾಯ್ತಾ ಅಂಕಲ್?"

"ಯಾಕೆ ಬೇಜಾರು? ತಮಾಷೆ ಮಾಡೋಕೆ ನನಗೆ ಇಷ್ಟು ಜನ ಇದ್ದಾರಲ್ಲ!"

ಆಮೇಲೆ ಪ್ರತಿ ಶನಿವಾರ ನಾನೂ ಹೊರಡುತ್ತಿದ್ದೆ. ಆ ಊರಿನಲ್ಲಿ ನನಗೆ ಹೋಗಲೊಂದು ಜಾಗ ಮಾಡಿಕೊಟ್ಟವರು ಅವರೇ.

ಎರಡು ವರ್ಷ ಆ ಕೋವಿ ಅವರ ಕೈಬಿಡಲಿಲ್ಲ. ಮೂರನೆಯ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಅಂತ್ಯಸಂಸ್ಕಾರಕ್ಕೆ ಕ್ಲಬ್ಬಿನ ಮುದುಕರೆಲ್ಲ ಬಂದು, ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅದಾದ ಮೇಲಿನ ಶನಿವಾರ, ಎಂದಿನ ಅಭ್ಯಾಸದಂತೆ ಕೋಟು ತೊಟ್ಟು ಮೆಟ್ಟಿಲಿಳಿದು ಅವರ ಬಾಗಿಲವರೆಗೂ ಹೋಗಿಬಿಟ್ಟೆ. ಅಲ್ಲಿಂದ ಎಲ್ಲಿಗೆ ಹೋಗುವುದೆಂದು ತೋಚದೆ ಬಹಳ ಹೊತ್ತು ನಿಂತಿದ್ದೆ.