ಸುಣ್ಣ ಕಾಣದ ಗೋಡೆಗಳು

ಮಳೆ ನಿಂತ ಮೇಲೆ ಹಳೆಯ ಇಟ್ಟಿಗೆಗೆ ಒಂದು ವಾಸನೆ ಬರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಆರಿದ ಒಲೆಯ ಮೇಲೆ ನೀರು ಚೆಲ್ಲಿದಾಗಿನ ವಾಸನೆಗೆ ಹತ್ತಿರ. ಈ ಬೆಳಗ್ಗೆ ಸ್ಟಾಕ್‌ಪೋರ್ಟ್ ಸ್ಟೇಷನ್ನಿನ ದಾರಿಯಲ್ಲಿ ಅದು ಮೂಗಿಗೆ ಬಂತು. ಕೆಲಸಕ್ಕೆ ಹೋಗುವ ಪಿಕಡಿಲಿ ರೈಲು ತಪ್ಪಿದರೆ ತಪ್ಪಲಿ ಎಂದು ಮನೆಗಳ ಹಿಂದಿನ ಗಲ್ಲಿಗೆ ತಿರುಗಿದೆ. ಅಲ್ಲಿ ನನ್ನದೊಂದು ಬಾಗಿಲಿತ್ತು. ನನ್ನದು ಎಂದರೆ ನಾನು ಫೋಟೋ ತೆಗೆಯುವ ಬಾಗಿಲು. ಹಸಿರು ಬಣ್ಣ ಎದ್ದ ಕಡೆ ನೀಲಿ, ನೀಲಿ ಉದುರಿದ ಕಡೆ ಕಾವಿ. ಮೋಡದ ದಿನ ಒಂದು ಥರ, ಬಿಸಿಲಿಗೆ ಇನ್ನೊಂದು ಥರ.

ಧಾರವಾಡದಲ್ಲಿದ್ದಾಗ ಹೊಸ ಪೇಂಟಿನ ವಾಸನೆಗೆ ಜೀವ ಬಿಡುತ್ತಿದ್ದವಳು ನಾನು. ಈ ಇಂಗ್ಲಿಷರ ಊರಿಗೆ ಬಂದು ಕೆಲಸ, ಮನೆಸಾಲ, ಮಗಳ ಸ್ಕೂಲು ಎಂದು ಓಡಾಡುವ ನಡುವೆ ಈ ಗೀಳು ಯಾವಾಗ ಹತ್ತಿತೋ ತಿಳಿಯದು. ತುಕ್ಕು ಹಿಡಿದ ಚಿಲಕ, ಪಾಚಿ ಕಟ್ಟಿದ ಮೆಟ್ಟಿಲು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಒಮ್ಮೆ ಆ ಬಾಗಿಲಿನ ಮನೆಯ ಮುದುಕರು ಹೊರಗೆ ಬಂದು, ಕೌನ್ಸಿಲ್‌ಗೆ ದೂರು ಕೊಡಲು ಫೋಟೋ ತೆಗೆಯುತ್ತಿದ್ದೀಯಾ ಎಂದು ವಿಚಾರಿಸಿದರು. ಇಲ್ಲ, ಚೆನ್ನಾಗಿದೆ ಅಂತ ತೆಗೆದೆ ಎಂದೆ. ಅವರು ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದರು.

ಫೋಟೋಗಳೆಲ್ಲ ಧಾರವಾಡದ ಅಕ್ಕನಿಗೆ ಹೋಗುತ್ತಿದ್ದವು. ಅವಳು ಆ ಬಾಗಿಲಿನ ಮನೆಯನ್ನೇ ನಮ್ಮ ಮನೆ ಎಂದುಕೊಂಡಳು.

"ಏನವಾ, ಗ್ವಾಡಿಗೆ ಒಂದೀಟು ಸುಣ್ಣಾ ಹಚ್ಚಸಾಕ ಆಗಲಿಲ್ಲೇನು ನಿಮಗ? ಅಷ್ಟ ದೂರ ಹೋಗಿ ಇಂಥಾ ಮನ್ಯಾಗ ಇರೂದೇನು?"

"ನಮ್ಮ ಮನಿ ಅಲ್ಲಕ್ಕಾ ಅದು."

"ಮತ್ತ ಮಂದಿ ಮನಿ ಬಾಗಲದ್ದು ಯಾಕ ಫೋಟೋ ಹೊಡಕೋಂತ ಅಡ್ಡಾಡ್ತಿ?"

ಆಗಿನ್ನೂ ವಿಡಿಯೋದಲ್ಲಿ ಅವಳ ಮುಖ ಕಾಣುತ್ತಿತ್ತು. ಆಮೇಲೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕೈಯಲ್ಲಿ ಶಕ್ತಿ ಬಂತು, ಮುಖ ಮಾತ್ರ ನೆಟ್ಟಗಾಗಲಿಲ್ಲವಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ನೋಡಿರಲಿಲ್ಲ. ಓಣಿಯಲ್ಲೆಲ್ಲ ಚೆಲುವೆ ಎನಿಸಿಕೊಂಡವಳು ಫೋನನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟು ಮಾತಾಡತೊಡಗಿದಳು. ನನಗೆ ಕಾಣುತ್ತಿದ್ದುದು ತಿರುಗುವ ಫ್ಯಾನು. ಮುಖ ತೋರಿಸು ಎಂದರೆ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದಳು. ಆ ಫ್ಯಾನು ನೋಡಿ ಫೋನಿಟ್ಟ ದಿನಗಳಲ್ಲಿ ನನಗೆ ಅಳು ಬರುತ್ತಿತ್ತು.

ಮುಖ ತೋರಿಸೆಂದು ಕೇಳುವುದನ್ನು ಬಿಟ್ಟೆ, ಫೋಟೋ ಕಳಿಸುವುದನ್ನು ಬಿಡಲಿಲ್ಲ. ಅದರಲ್ಲಿ ಉಪಾಯವೇನೂ ಇರಲಿಲ್ಲ, ಬೇರೇನು ಕಳಿಸಬೇಕೋ ಗೊತ್ತಿರಲಿಲ್ಲ, ಅಷ್ಟೇ. ಬರಬರುತ್ತ ಅಕ್ಕ ಬೀಗರ ಕ್ಷೇಮ ವಿಚಾರಿಸುವಂತೆ ಕೇಳತೊಡಗಿದಳು. "ಆ ಹಸರ ಬಾಗಲಾ ಹೆಂಗೈತಿ?" ಚಳಿಗಾಲದಲ್ಲೊಮ್ಮೆ, "ಇವತ್ತ ಬೆಳಕು ಚೊಲೋ ಬಿದ್ದಿಲ್ಲ ಬಿಡು," ಎಂದಳು. ನನಗಿಂತ ಅವಳೇ ಸೂಕ್ಷ್ಮವಾಗಿ ನೋಡುತ್ತಿದ್ದಳು.

ಈ ಬೆಳಗ್ಗೆ ಗಲ್ಲಿಯ ತಿರುವು ದಾಟಿ ನೋಡಿದರೆ ಬಾಗಿಲಿಲ್ಲ. ಅದರ ಜಾಗದಲ್ಲಿ ಬೆಳ್ಳಗಿನ ಪ್ಲಾಸ್ಟಿಕ್ ಬಾಗಿಲು, ಮೇಲೆ ಮಳೆಹನಿ ಕೂಡ ನಿಂತಿರಲಿಲ್ಲ. ಅಲ್ಲೇ ನಿಂತು ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಕ್ಯಾಮೆರಾ ಅತ್ತ ತಿರುಗಿಸಿದೆ.

"ಹೋತೇನು?" ಎಂದಳು. ಫ್ಯಾನು ತಿರುಗುತ್ತಲೇ ಇತ್ತು. "ಇದರಾಗ ನೋಡಾಕ ಏನೈತಿ?"

ಆಮೇಲೆ ಪರದೆಯಲ್ಲಿ ಫ್ಯಾನು ಅಲುಗಿತು, ಗೋಡೆ ಓಡಿತು, ಅಕ್ಕನ ಮುಖ ಬಂತು. ಬಾಯಿ ಬಲಕ್ಕೆ ಎಳೆದಿತ್ತು. ಎಡಗಣ್ಣು ಪೂರ್ತಿ ಮುಚ್ಚಲಾಗದೆ ಒದ್ದೆಯಾಗಿತ್ತು. ಕೂದಲೆಲ್ಲ ಬೆಳ್ಳಗಾಗಿತ್ತು, ಎಣ್ಣೆ ಹಚ್ಚಿ ನೀಟಾಗಿ ಬೈತಲೆ ತೆಗೆದಿದ್ದಳು. ನಾನು ಅವಳನ್ನು ಕಣ್ತುಂಬ ನೋಡಿದೆ.

"ಈ ಮಾರೀನರ ಇರೂತನಾ ನೋಡಕೋ," ಎಂದಳು.

"ಚಂದ ಕಾಣಸ್ತಿ ಅಕ್ಕಾ."

"ಆತು ಬಿಡು. ಈಗ ನಿನ್ನ ಮಾರಿ ತೋರಸು. ಬರೇ ಗ್ವಾಡಿ ತೋರಿಸಿ ತೋರಿಸಿ ಎಷ್ಟ ದಿನಾ ಆತು?"

ನನ್ನ ಕೂದಲ ಬುಡದಲ್ಲಿ ಬಿಳಿ ಎದ್ದಿತ್ತು, ಕಣ್ಣ ಕೆಳಗೆ ಕಪ್ಪು. ತಲೆ ಸರಿಮಾಡಿಕೊಳ್ಳಲು ಕೈ ಎತ್ತಿದೆ.

"ಹಂಗ ಇರಲಿ," ಎಂದಳು ಅಕ್ಕ.

ಕೈ ಇಳಿಸಿ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದೆ.