ಗುರುವಾರ ಹನ್ನೊಂದರ ಖಾಲಿ ಕುರ್ಚಿ

ಹೋದ ವಾರ ಹಾವೇರಿಯಿಂದ ಬ್ಯಾಡಗಿಗೆ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನ ಅಜ್ಜಿಯೊಬ್ಬರು ತಲೆನೋವಿನ ಮುಲಾಮಿನ ಡಬ್ಬಿ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆನ್ನು ನೆಟ್ಟಗೆ ಮಾಡಿ, ಮೊಬೈಲು ಕಿಸೆಗಿಳಿಸಿ ಕೂತುಬಿಟ್ಟೆ. ಬ್ಯಾಡಗಿ ಬಸ್ಸಿನಲ್ಲಿ ಮೆಣಸಿನಕಾಯಿ ಘಾಟಿಗೆ ಎಲ್ಲರಿಗೂ ಸೀನು ಬರುತ್ತದೆ. ನನಗೊಬ್ಬನಿಗೆ ಮುಲಾಮಿನ ವಾಸನೆಗೆ ಭಯ ಬರುತ್ತದೆ. ನಮ್ಮ ಮೇಡಂ ಹಣೆಗೆ ಅದನ್ನು ಹಚ್ಚಿಕೊಂಡೇ ಓಡಾಡುತ್ತಿದ್ದರು...

ಮನಃಶಾಸ್ತ್ರ ಎಂ.ಎಸ್ಸಿ.ಯ ಕೊನೆಯ ವರ್ಷ ನನ್ನನ್ನು ಹಾವೇರಿಯ ಒಂದು ಆಸ್ಪತ್ರೆಗೆ ತರಬೇತಿಗೆ ಹಾಕಿದ್ದರು. ಬಂದವರ ಜೊತೆ ಕೂತು ಮಾತಾಡುವುದು ನಾನು, ನನ್ನ ಮೇಲೆ ಕಣ್ಣಿಡುವುದು ಮೇಡಂ. ತರಬೇತಿಯ ತಾಸುಗಳ ಲೆಕ್ಕವಿರುವ ನನ್ನ ಲಾಗ್‌ಬುಕ್ಕಿಗೆ ಅವರ ಸಹಿ ಬಿದ್ದರೆ ಪರೀಕ್ಷೆ, ಬೀಳದಿದ್ದರೆ ಒಂದು ವರ್ಷ ಗೋವಿಂದ. ಹಿಂದಿನ ವರ್ಷ ಒಬ್ಬಳಿಗೆ ಸಹಿ ಹಾಕದೆ ವಾಪಸು ಕಳಿಸಿದ್ದರಂತೆ ಎಂಬ ಸುದ್ದಿ, ನಾನು ಅಲ್ಲಿ ಕಾಲಿಡುವ ಮೊದಲೇ ನನ್ನ ಕಿವಿಗೆ ಬಂದಿತ್ತು.

ನಾನೋ ಹುಟ್ಟಾ ಅಣಕದ ಗಿರಾಕಿ. ಎದುರಿಗೆ ಕೂತವರ ದನಿ ಹತ್ತು ನಿಮಿಷದಲ್ಲಿ ನನ್ನ ಗಂಟಲಿಗಿಳಿಯುತ್ತದೆ. ಸ್ವಂತ ದನಿ ಯಾವುದು ಅಂತ ಕೇಳಿದರೆ ನಮ್ಮವ್ವನೂ ಹೇಳಲಾರಳು. ಬಂದ ಮೂರನೇ ದಿನವೇ ಕ್ಯಾಂಟೀನಿನಲ್ಲಿ ಮೇಡಂ ನಡಿಗೆ ಮಾಡಿ ತೋರಿಸಿ ನರ್ಸಕ್ಕಂದಿರಿಂದ ಪುಕ್ಕಟೆ ಚಹಾ ಗಿಟ್ಟಿಸಿದ್ದೆ. ಅವತ್ತು ಸಂಜೆ ಮೇಡಂ ನನ್ನನ್ನು ಒಂದು ನಮೂನೆ ನೋಡಿದರು. ಯಾರೋ ಚಾಡಿ ಹೇಳಿದ್ದಾರೆ ಅಂತ ಗ್ಯಾರಂಟಿಯಾಯಿತು. ಮರುದಿನದಿಂದ ಕಸ ಗುಡಿಸುವ ಅಕ್ಕನ ಮೇಲೂ ನನಗೆ ಅನುಮಾನ.

ಮೇಡಂದು ಒಂದು ಪದ್ಧತಿ ಇತ್ತು. ಒಬ್ಬರ ಜೊತೆ ಮಾತು ಮುಗಿದ ಕೂಡಲೇ ನಡೆದದ್ದನ್ನೆಲ್ಲ ಮಾತಿಗೆ ಮಾತು ಬರೆದು ತರಬೇಕು. ಹಾಳೆಯ ಎಡಕ್ಕೆ ಬಂದವರು ಹೇಳಿದ್ದು, ಬಲಕ್ಕೆ ನಾನು ಹೇಳಿದ್ದು. ಅವರು ಬಲಭಾಗವನ್ನೇ ಮೊದಲು ಓದುತ್ತಿದ್ದರು. ಕಾಯಿಲೆ ಇರುವುದು ಎಡಕ್ಕೆ, ಇವರು ಬಲಕ್ಕೆ ಯಾಕೆ ತಡಕಾಡುತ್ತಾರೆ? ನನ್ನನ್ನು ಹಿಡಿಯಲಿಕ್ಕೇ ಅಂತ ತೀರ್ಮಾನಿಸಿದ್ದೆ.

ಆಗ ಬರುತ್ತಿದ್ದ ಒಬ್ಬ ಹುಡುಗ. ಅಗಡಿ ಕಡೆಯವನು, ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಊರು, ಕೆಲಸ ಎರಡನ್ನೂ ಬೇಕೆಂದೇ ಬದಲಿಸಿದ್ದೇನೆ. ಅವನ ಮಾತು ತೊದಲುತ್ತಿತ್ತು. ಫೋನು ಹೊಡೆದುಕೊಂಡರೆ ಎದೆ ಡವಡವ ಎಂದು ಅಂಗಡಿಯಿಂದ ಹೊರಗೋಡುತ್ತಿದ್ದ. ಗುರುವಾರ ಹನ್ನೊಂದರಿಂದ ಹನ್ನೆರಡು ಅವನ ಹೊತ್ತು. ಮೂರನೇ ಗುರುವಾರ ಮನಸ್ಸು ಬಿಚ್ಚಿ ಏನನ್ನೋ ಹೇಳತೊಡಗಿದ್ದ. ಅವನ ಮಾತಿನಲ್ಲಿ ಮುಳುಗಿಹೋಗಿದ್ದ ನಾನು ಮುಂದಕ್ಕೆ ಬಾಗಿ ಕೇಳಿದೆ:

“ಮ-ಮತ್ತ ಆಮ್ಯಾಲ ಏ-ಏನಾತು?”

ದೇವರಾಣೆ, ಬೇಕಂತ ಮಾಡಿದ್ದಲ್ಲ. ಅವನ ತೊದಲು ನನ್ನ ಬಾಯಿಂದ ಬಂದುಬಿಟ್ಟಿತು. ಅವನು ನನ್ನ ಮುಖ ನೋಡಿದ. ಚೀಲ ಎತ್ತಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋದ.

ಹಾಳೆಯ ಬಲಕ್ಕೆ ಶುದ್ಧವಾಗಿ ಬರೆದೆ: ‘ಮತ್ತೆ ಆಮೇಲೆ ಏನಾಯಿತು?’ ಮೇಡಂ ಓದಿದರು. ಅಗಡಿಗೆ ಬಸ್ಸು ಬೇಕಾದಷ್ಟಿವೆಯಲ್ಲ, ಇವನ್ಯಾಕೆ ನಡುವೆಯೇ ಎದ್ದ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಳೆಯನ್ನು ಡ್ರಾದೊಳಗೆ ಇಟ್ಟು ಕೀಲಿ ಹಾಕಿದರು. ಸಂಜೆ ಹಣಿಕಿದರೆ, ಒಂದು ಲಕೋಟೆಗೆ ಅಂಟು ಹಚ್ಚುತ್ತ ಕೂತಿದ್ದರು. ಕಾಲೇಜಿಗೆ ನನ್ನ ಮೇಲೆ ದೂರು ಹೋಯಿತು, ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮುಂದಿನ ಗುರುವಾರ ಹುಡುಗ ಬರಲಿಲ್ಲ. ಹನ್ನೊಂದೂ ಹತ್ತಕ್ಕೆ ಕ್ಯಾಂಟೀನಿಗೆ ಹೊರಟೆ. ಬಾಗಿಲಲ್ಲಿ ಮೇಡಂ.

“ಎಲ್ಲಿಗಪಾ? ಅವನ ತಾಸು ಇನ್ನೂ ಮುಗದಿಲ್ಲ. ಕುಂದ್ರು.”

ಖಾಲಿ ಕುರ್ಚಿಯ ಎದುರು ಹನ್ನೆರಡರ ತನಕ ಕೂತೆ. ಅದರ ಮುಂದಿನ ವಾರವೂ ಹಾಗೇ. ಇದು ಶಿಕ್ಷೆಯೇ ಅನಿಸಿತು. ಈ ತಾಸುಗಳನ್ನು ಲಾಗ್‌ಬುಕ್ಕಿಗೆ ಸೇರಿಸುವುದಿಲ್ಲ, ಪೊಲೀಸರ ಹಾಗೆ ಕೂರಿಸಿ ಕೂರಿಸಿ ಬಾಯಿ ಬಿಡಿಸುತ್ತಾರೆ ಅಂತೆಲ್ಲ ಯೋಚಿಸಿದೆ. ಹೊತ್ತು ಹೋಗಲೆಂದು ಕಂಪೌಂಡರನ ದನಿ ಮಾಡಿದೆ, ಫ್ಯಾನಿನ ಕಿರಿಕಿರಿ ಮಾಡಿದೆ. ಮೂರನೇ ವಾರಕ್ಕೆ ಗೊತ್ತಿದ್ದ ದನಿಗಳೆಲ್ಲ ತೀರಿದವು. ಆಗ ಆ ಹುಡುಗನ ತೊದಲು ತಾನಾಗಿ ತುಟಿಗೆ ಬಂತು. ಖಾಲಿ ಕೋಣೆಯಲ್ಲಿ ಅದು ಅವನಿಗೆ ಹೇಗೆ ಕೇಳಿಸಿರಬಹುದು ಅಂತ ನನಗೆ ಕೇಳಿಸಿತು...

ಹನ್ನೆರಡಾದದ್ದೇ ಮೇಡಂ ಕೋಣೆಗೆ ಹೋಗಿ, ನಾನೂ ಅವನ ಹಾಗೆ ತೊದಲಿದೆ, ಬರೆಯುವಾಗ ಅದನ್ನು ಬಿಟ್ಟೆ ಎಂದೆ. ಅವರು ತಲೆ ಎತ್ತಲಿಲ್ಲ.

“ಹಾಳಿ ನೋಡಿದ ದಿನಾನ ಗೊತ್ತಾಗೇತಿ. ನೀ ಯಾವತ್ತೂ ಅಷ್ಟು ಚಂದ ಮಾತಾಡಂಗಿಲ್ಲ.”

ಸಹಿಯ ಮಾತು ಎತ್ತಿದೆ. ಅದು ಆಮೇಲಿನದು, ಮುಂದಿನ ಗುರುವಾರವೂ ಹೋಗಿ ಕೂರು ಎಂದರು.

ನಾಲ್ಕನೇ ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಹುಡುಗ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅದೇ ಲಕೋಟೆ. ಕಾಲೇಜಿಗಲ್ಲ, ಅದು ಅವನಿಗೆ ಹೋಗಿತ್ತು. ಫೋನಿಗೆ ಹೆದರುವವನೆಂದು ಮೇಡಂ ಕಾಗದ ಬರೆದಿದ್ದರು: ಗುರುವಾರ ಹನ್ನೊಂದು ನಿಮ್ಮದೇ ಹೊತ್ತು, ಬಂದರೂ ಬರದಿದ್ದರೂ ಕಾದಿರುತ್ತೇವೆ.

“ಅವತ್ತ ನಾ ನಿಮ್ಮಂಗ ಮಾತಾಡಿದೆ,” ಎಂದೆ. “ಬೇಕಂತ ಅಲ್ರಿ. ಆದ್ರೂ ತಪ್ಪು ನಂದ.”

ಅವನು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡು ಕೂತ.

“ಅ-ಅಂಗಡ್ಯಾಗ ಎಲ್ಲಾರೂ ಮಾಡ್ತಾರ್ರಿ. ಮಾಡೀನಿ ಅಂತ ಯಾ-ಯಾರೂ ಹೇಳಂಗಿಲ್ಲ.”

ಆಮೇಲೆ ತಪ್ಪದೆ ಬಂದ. ಕೊನೆಯ ದಿನ ಮೇಡಂ ಲಾಗ್‌ಬುಕ್ಕಿಗೆ ಸಹಿ ಹಾಕಿದರು, ಖಾಲಿ ಕೂತ ಮೂರು ತಾಸುಗಳನ್ನೂ ಸೇರಿಸಿ. ನನಗೆ ನಂಬಿಕೆ ಬರಲಿಲ್ಲ. ಹೊರಗೆ ಬಂದು ಪುಟವನ್ನು ಬಿಸಿಲಿಗೆ ಹಿಡಿದು ನೋಡಿದೆ.

ಹೋದ ಮಳೆಗಾಲ ಮೇಡಂ ತೀರಿಕೊಂಡರೆಂದು ಮೊಬೈಲಿಗೆ ಸುದ್ದಿ ಬಂತು. ಅದನ್ನೂ ನಂಬದೆ ಅವರ ನಂಬರಿಗೇ ಫೋನು ಮಾಡಿದೆ. ಅವರ ತಂಗಿ ಎತ್ತಿದರು. ರಾಣೆಬೆನ್ನೂರಿನ ಮೇಡಂ ಮನೆಗೆ ಹೋದಾಗ ಅತ್ತು ಅತ್ತು ಆ ತಂಗಿಯ ದನಿ ಒಡೆದಿತ್ತು. ನಾನು ಯಾರೆಂದು ಕೇಳಿದರು. ನನ್ನ ಗಂಟಲೂ ಆಗಲೇ ಒಡೆಯತೊಡಗಿತ್ತು. ಅದು ನನ್ನ ಅಳುವೋ ಅವರದೋ ತಿಳಿಯಲಿಲ್ಲ. ನೀರು ಕುಡಿದು, ತಡೆದು, ಮೇಡಂ ಕೈಯಲ್ಲಿ ಕಲಿತವನು ಎಂದೆ.

ಈಗ ಬ್ಯಾಡಗಿಯಲ್ಲಿ ಬಂದವರ ಜೊತೆ ನಾನೊಬ್ಬನೇ ಕೂತು ಮಾತಾಡುತ್ತೇನೆ. ತಪ್ಪು ಮಾಡುವುದು ನಿಂತಿಲ್ಲ. ಹೋಗಿ ಹೇಳೋಣವೆಂದರೆ ಮೇಡಂ ಇಲ್ಲ.