ಮೂರನೇ ಕಂಬದ ಪಕ್ಕ ನಿಲ್ಲುವಾಕೆ

ಬೆಳಗಿನ ಆರು ಗಂಟೆ ಐದು ನಿಮಿಷ. ಮಂಜು ಇನ್ನೂ ಹಳಿ ಬಿಟ್ಟು ಎದ್ದಿಲ್ಲ. ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಇನ್ನೂರ ಹನ್ನೆರಡು ಹೆಜ್ಜೆ. ಇಲ್ಲಿ ಕಾವಲಿರುವ, ಎಲ್ಲರ ಬಾಯಲ್ಲೂ ಬಾವುಟದಕ್ಕ ಆದಾಕೆ ಅಷ್ಟನ್ನೂ ನಡೆದು, ಬೆಂಚುಗಳ ಹಿಂದೆ ಬಗ್ಗಿ ನೋಡಿ, ಕಾಯುವ ಕೋಣೆಯ ಒಡಕು ಕಿಟಕಿಯೊಳಗೆ ಇಣುಕಿ, "ಯಾರಿದ್ದೀರಿ? ಹಿಂದೆ ಬನ್ನಿ!" ಎಂದು ಗಟ್ಟಿಯಾಗಿ ಕೂಗುತ್ತಾರೆ. ಯಾರೂ ಇಲ್ಲ. ಆದರೂ ಉತ್ತರಕ್ಕೆ ಕಾಯುವವರಂತೆ ಒಂದೆರಡು ಕ್ಷಣ ತಡೆಯುತ್ತಾರೆ. ಆಮೇಲೆ ಮೂರನೇ ಕಂಬದ ಬಳಿ ಹೋಗಿ, ತಮ್ಮ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಬಲಗೈಯಲ್ಲಿ ಹಸಿರು ಬಾವುಟ ಹಿಡಿಯುತ್ತಾರೆ. ಆರೂ ಹತ್ತರ ಲೋಕಲ್ ಗಾಡಿ ನಿಲ್ಲದೆ ಧಡಧಡನೆ ಹಾದುಹೋಗುತ್ತದೆ.

ಈ ನಿಲ್ದಾಣದಲ್ಲಿ ಗಾಡಿ ನಿಂತು ಇಪ್ಪತ್ತೇಳು ವರ್ಷವಾಯಿತು. ಅಕ್ಕ ಇಲ್ಲಿ ನಿಲ್ಲತೊಡಗಿ ಹತ್ತೊಂಬತ್ತು. ಮುಂದಿನ ತಿಂಗಳ ಒಂದನೇ ತಾರೀಕಿಗೆ ಅದೂ ಮುಗಿಯಿತು. ಪ್ಲಾಟ್‌ಫಾರಂ ಉದ್ದಕ್ಕೂ ಉಕ್ಕಿನ ಬೇಲಿ, ಎರಡು ಕ್ಯಾಮೆರಾ ಬರುತ್ತವಂತೆ. ಅಕ್ಕನಿಗೆ ದೊಡ್ಡ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಕುರ್ಚಿ, ತಲೆ ಮೇಲೊಂದು ಫ್ಯಾನು. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಇವರಿಗೆ ಮೂರು ವಾರದಿಂದ ಊಟ ಸೇರುತ್ತಿಲ್ಲ. ತಾವು ಹೋದ ಮೇಲೆ ಮೂರನೇ ಕಂಬದ ಹತ್ತಿರ ಯಾರು ನಿಲ್ಲುತ್ತಾರೆ ಎಂಬುದೊಂದೇ ಚಿಂತೆ.

ಒಂದು ಕಾಲಕ್ಕೆ ಇಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಹಳಿಯಾಚೆಯ ನೂಲಿನ ಗಿರಣಿಗೆಂದೇ ಕಟ್ಟಿದ ನಿಲ್ದಾಣವಿದು. ದಿನಕ್ಕೆ ಮೂವತ್ತೆಂಟು ಗಾಡಿ ನಿಲ್ಲುತ್ತಿದ್ದವು. ಗಿರಣಿ ಮುಚ್ಚಿತು, ಒಂದು ಕಿಲೋಮೀಟರ್ ಆಚೆ ಹೊಸ ನಿಲ್ದಾಣ ಎದ್ದಿತು, ಇದಕ್ಕೆ ಬೀಗ ಬಿತ್ತು. ಇನ್ನು ಗಾಡಿ ನಿಲ್ಲುವುದಿಲ್ಲವೆಂಬ ಚೀಟಿಯನ್ನು ಹಿಂದಿನ ಸಂಜೆ ಟಿಕೆಟ್ ಕಿಟಕಿಗೆ ಅಂಟಿಸಿ ಹೋದರು. ತಿಂಗಳ ಪಾಸಿನವರು ಟಿಕೆಟ್ ಕಿಟಕಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬುದು ಯಾವ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪಾಸಿನವರು ಒಂಬತ್ತು ಜನ ಎಂದಿನಂತೆ ಬಂದು ನಿಂತರು. ಯಾವ ಡಬ್ಬಿಯ ಬಾಗಿಲು ಯಾವ ಕಂಬಕ್ಕೆ ಬರುತ್ತದೆಂದು ಅವರಿಗೆ ಕಣ್ಣು ಮುಚ್ಚಿಕೊಂಡೇ ಗೊತ್ತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೈ ಚಾಚಿ ಬಾಗಿಲ ಕಂಬಿ ಹಿಡಿಯುವುದು ಪಾಸಿನವರ ಗತ್ತು. ಅಂದು ಆರೂ ಹತ್ತರ ಗಾಡಿಯ ವೇಗ ಕಂಡು ಎಂಟು ಜನ ಹಿಂದೆ ಸರಿದರು. ಮೂರನೇ ಕಂಬದ ಹತ್ತಿರವಿದ್ದ ಗುಮಾಸ್ತರು ಪತ್ರಿಕೆ ಮಡಚುತ್ತಾ, ಅತ್ತ ನೋಡದೆಯೇ ಕೈ ಚಾಚಿದರು. ಅವರು ಬಾವುಟದಕ್ಕನ ಅಪ್ಪ.

"ಅಪ್ಪನಿಗೆ ಒಂದು ದಿನಾನೂ ಗಾಡಿ ತಪ್ಪಿರ್ಲಿಲ್ಲ. ಅದೇ ಅವರಿಗೆ ದೊಡ್ಡ ಜಂಬ," ಎನ್ನುತ್ತಾರೆ ಅಕ್ಕ.

ಆಮೇಲೆ ಇಲಾಖೆ ಕಣ್ಣುಬಿಟ್ಟಿತು, ಕಾವಲಿಗೆಂದು ಒಬ್ಬರನ್ನು ನೇಮಿಸಿತು. ಅವರು ನಿವೃತ್ತರಾದಾಗ ಆ ಕೆಲಸ ಅಕ್ಕನಿಗೆ ಬಂತು. "ಅರ್ಜಿ ಹಾಕಿದ್ದು ನಾನೊಬ್ಳೇ. ಸ್ಪರ್ಧೆ ಗಿರ್ಧೆ ಏನೂ ಇರ್ಲಿಲ್ಲ," ಎಂದು ನಗುತ್ತಾರೆ. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ ಅರವತ್ನಾಲ್ಕು ಗಾಡಿ. ಮಾರುಕಟ್ಟೆಗೆ ಅಡ್ಡದಾರಿ ಹಿಡಿದವರನ್ನು, ಫೋನಿನಲ್ಲಿ ಮುಳುಗಿ ಅಂಚಿಗೆ ಬಂದವರನ್ನು ದಿನಕ್ಕೆ ನಲವತ್ತು ಸಲವಾದರೂ ಗದರಿಸಿ ಹಿಂದಕ್ಕೆ ಕಳಿಸುತ್ತಾರೆ. ಮಂಡಿ ಸವೆದಿದೆ, ಗಂಟಲು ಕೆಟ್ಟಿದೆ.

ಸೇರಿದ ಮೊದಲ ವಾರವೇ ಆರೂ ಹತ್ತರ ಡ್ರೈವರ್ ಫೋನ್ ಮಾಡಿದ. "ಅಕ್ಕ, ಮೂರನೇ ಕಂಬದ ಹತ್ರ ಒಬ್ರು ನಿಂತಿರ್ತಾರಲ್ಲ, ಅವರನ್ನ ಸ್ವಲ್ಪ ಹಿಂದೆ ಕರೀರಿ. ಕೈ ಚಾಚ್ತಾರೆ. ನನಗೆ ಎದೆ ಝಲ್ ಅನ್ನುತ್ತೆ." ಆತ ಈ ದಾರಿಗೆ ಹೊಸಬ. ಗುಮಾಸ್ತರ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಮರುದಿನದಿಂದ ಅಕ್ಕ ಅಲ್ಲೇ ನಿಲ್ಲತೊಡಗಿದರು, ಫೋನು ಬರುವುದು ನಿಂತಿತು. ಮಗಳ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದಾಗ ಬದಲಿಗೆ ಬಂದಾತ ನಿಯಮದಂತೆ ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿದ್ದ. ಆ ನಾಲ್ಕರಲ್ಲಿ ಮೂರು ಬೆಳಿಗ್ಗೆ ಆರೂ ಹತ್ತರ ಗಾಡಿ ಕಿರ್‍ರನೆ ಬ್ರೇಕ್ ಹಾಕಿತು.

ಭಯವಾಗುವುದಿಲ್ಲವೇ ಎಂದು ಕೇಳಿದರೆ ಅಕ್ಕನಿಗೆ ಸಿಟ್ಟೇ ಬರುತ್ತದೆ. "ಹೆತ್ತ ಅಪ್ಪನಿಗೆ ಯಾರಾದ್ರೂ ಹೆದರ್ತಾರಾ? ಎಡಗೈ ಮಾತ್ರ ಮೊಣಕೈವರೆಗೂ ತಣ್ಣಗಾಗುತ್ತೆ. ಗಾಡಿ ದಾಟೋವರೆಗೂ ನಾನು ಹಿಡಿದಿದ್ದು ಬಿಡಲ್ಲ. ನನ್ನ ಹೆದರಿಕೆ ಬೇರೆ. ಬೇಲಿ ಬಂದ್ಮೇಲೆ ಅವರು ಯಾವ ಕಡೆ ಉಳೀತಾರೆ? ಈ ಕಡೆನಾ, ಹಳಿ ಕಡೆನಾ?"

ಮೊನ್ನೆ ಅಳತೆಗೆ ಬಂದಿದ್ದ ಇಂಜಿನಿಯರ್ ಸಾಹೇಬರು, "ಕ್ಯಾಮೆರಾ ರಜೆ ಕೇಳಲ್ಲಮ್ಮ" ಎಂದು ತಮಾಷೆ ಮಾಡಿದರು. "ಕೈ ಹಿಡಿದು ಹಿಂದಕ್ಕೆ ಎಳಿಯುತ್ತಾ ಸಾರ್?" ಎಂದರು ಅಕ್ಕ. ಸಾಹೇಬರು ನಕ್ಕರು. ನಗುತ್ತಲೇ ಯಾಕೋ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹೊರಡುವಾಗ, ಇಲಾಖೆಯಿಂದ ಏನಾದರೂ ಬೇಕಿದ್ದರೆ ಕೇಳಿ ಎಂದರಂತೆ. ಅಕ್ಕ ಕೇಳಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

"ಒಂದೇ ಒಂದು ಬೆಳಿಗ್ಗೆ ಆರೂ ಹತ್ತರ ಗಾಡಿ ಇಲ್ಲಿ ನಿಲ್ಲಿಸಿ ಸಾರ್ ಅಂದೆ. ಒಂದು ನಿಮಿಷ ಸಾಕು. ಅಪ್ಪ ಹತ್ಕೊಳ್ಳಲಿ. ಆಮೇಲೆ ಎಷ್ಟೆತ್ತರದ ಬೇಲಿ ಬೇಕಾದ್ರೂ ಹಾಕ್ಕೊಳ್ಳಿ."